ಪಟಗಾದ ತುಂಡಿದ್ದ ಕೌದಿ

“ವೈನಿ, ಥಂಡಿಗೆ ಕುದರಿಗೆ ಏನರ ಹೊದಿಸಬೇಕೋ, ಬ್ಯಾಡೋ?”

ಬಾಬಾಸಾಹೇಬ ಹೊಸ್ತಿಲ ಹೊರಗೇ ನಿಂತು ಕೇಳಿದ. ರೊಟ್ಟಿ ಬಡಿಯುತ್ತಿದ್ದ ಸುಗಂಧಾ ಕೈ ನಿಲ್ಲಿಸಲಿಲ್ಲ. ವಾಟಣಿಯಾಗಿ ಮನೆ ಎರಡಾದ ಮೇಲೆ ಮೈದುನ ಈ ಬಾಗಿಲಿಗೆ ಬಂದದ್ದು ಇದೇ ಮೊದಲು. ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಅವನು ಇನ್ನೊಮ್ಮೆ ಕೇಳಲಿ ಎಂದು ಕಾದಳು. ಅವನು ಕೇಳಿದ.

“ಗುಂಡ್ಯಾಗೇನ?”

“ತೂಫಾನಗ.”

ಗುಂಡ್ಯಾ ಎಂದು ಹೆಸರಿಟ್ಟವಳು ಅವಳು. ತಾಯಿ ಸತ್ತ ಮರಿಗೆ ಬಟ್ಟೆ ಅದ್ದಿ ಅದ್ದಿ ಆಕಳ ಹಾಲು ಚೀಪಿಸಿದವಳೂ ಅವಳೇ. ಗಂಡ ತೀರಿಕೊಂಡ ಮೇಲೆ ನಡೆದ ವಾಟಣಿಯಲ್ಲಿ ಹಿರಿಯರು ಆ ಮಾತು ಎತ್ತಿದಾಗ ಬಾಬಾಸಾಹೇಬ ತೊಡೆ ತಟ್ಟಿ ನಕ್ಕಿದ್ದ. “ಹೆಂಗಸರಿಗೆ ಕುದರೀದು ಏನ ತಿಳಿತೈತ್ರಿ? ಆಕಿಗೊಂದ ಎಮ್ಮಿ ಕೊಡ್ರಿ.” ಹಿರಿಯರೂ ನಕ್ಕಿದ್ದರು. ಎಮ್ಮೆ ಇವಳ ಗೂಟಕ್ಕೆ ಬಂತು. ಕುದುರೆ ಹೊಸ ಹೆಸರಿನೊಂದಿಗೆ ಓಟದ ಶರ್ಯತ್ತಿನ ಗಾಡಿಗೆ ಹೋಯಿತು.

“ಎಮ್ಮಿ ಕಾಯಾಕಿನ ಕೇಳಾಕ ಬಂದಿಯಲ್ಲೋ,” ಎಂದಳು. “ನಿಮ್ಮ ಗಾಡಿ ಹೊಡಿಯವ ಸುರಜ ಏನಂತಾನ?”

“ಅಂವಾ ಬ್ಯಾಡ ಅಂತಾನ. ಮನ್ಯಾಗ ಕೋಮಲ ಹೊದಸ್ರಿ ಅಂತಾಳ. ನನಗ ತಿಳೀದಂಗ ಆಗೇತಿ. ಐತವಾರ ಶರ್ಯತ್ತ ಐತಿ.”

“ಮೈಮ್ಯಾಲ ಕೂದಲ ಹೆಂಗ ಬಂದಾವು?”

“ಮಷೀನ್ ಹಚ್ಚಿ ತಗಸೀನಿ. ಬೆವರ ಲಗೂನ ಆರತೈತಿ ಅಂತ.”

ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಸುಗಂಧಾ ಅದನ್ನು ಮಗುಚಿದಳು. ಕಾರ್ತೀಕ ಮುಗಿದು ಹೊಳೆಯ ಗಾಳಿ ಬೀಸುವ ಕಾಲಕ್ಕೆ ಕುದುರೆ ತಾನೇ ಬೆಳೆಸಿಕೊಂಡ ಕೂದಲನ್ನು ಇವರು ಬೋಳಿಸಿದ್ದರು. ಅಂಥದ್ದಕ್ಕೆ ಹೊದಿಕೆ ಇರಲೇಬೇಕು.

“ಮಾವನೋರು ಏನ ಹೇಳತಿದ್ರು?” ಎಂದು ಕೇಳಿದಳು.

ಬಾಬಾಸಾಹೇಬ ತಲೆ ಕೆರೆದುಕೊಂಡ. “ಕುದರಿಗೆ ದೇವರ ಕಂಬಳಿ ಕೊಟ್ಟಾನ, ಮನಷಾ ಮತ್ತೊಂದ ಹಾಕಬಾರದು ಅಂತಿದ್ದ ಅಪ್ಪ.”

“ಮತ್ತ? ಅವರ ಮಾತಿಗಿಂತ ನಂದ ದೊಡ್ಡದೇನ?”

ಅವನು ಹಗುರಾಗಿ ಹೋದ. ಸುಗಂಧಾ ಒಂದೂ ಸುಳ್ಳು ಹೇಳಿರಲಿಲ್ಲ. ಅದನ್ನೇ ಮತ್ತೆ ಮತ್ತೆ ಹೇಳಿಕೊಂಡು ಊಟಕ್ಕೆ ಕುಳಿತಳು. ಐತವಾರ ಕುದುರೆ ನಡುದಾರಿಯಲ್ಲಿ ಕೆಮ್ಮಿ ನಿಲ್ಲುತ್ತದೆ, ಜನ ಸೀಟಿ ಹೊಡೆಯುತ್ತಾರೆ, ಅವನ ಬಿಳಿ ಅಂಗಿಯ ಮೇಲೆ ಬೇರೆಯವರ ಗಾಡಿಯ ಧೂಳು ಬೀಳುತ್ತದೆ. ಅವತ್ತು ಸಪ್ಪನೆಯ ಪಲ್ಯವೂ ಅವಳಿಗೆ ರುಚಿಯಾಯಿತು.

ಬೆಳಗ್ಗೆ ಡೇರಿಗೆ ಹಾಲು ಒಯ್ಯುವಾಗ ಅವನ ಅಂಗಳ ದಾಟಬೇಕು. ಕಬ್ಬಿನ ಗದ್ದೆಗಳ ಮೇಲಿಂದ ಮಂಜು ಇಳಿದಿತ್ತು. ಗುಂಡ್ಯಾ ಗಾಳಿಗೆ ಬೆನ್ನು ತಿರುಗಿಸಿ, ಬಾಲವನ್ನು ತೊಡೆಗಳ ನಡುವೆ ಒತ್ತಿಕೊಂಡು ನಿಂತಿದ್ದ. ಬೋಳು ಮೈ ಅಲೆಅಲೆಯಾಗಿ ನಡುಗುತ್ತಿತ್ತು. ಅವಳ ಹೆಜ್ಜೆಯ ಸದ್ದಿಗೆ ಕಿವಿ ಎತ್ತಿ, ಗಂಟಲಲ್ಲೇ ಸಣ್ಣಗೆ ಕೆನೆದ. ಅದರ ಬೆನ್ನಿಗೇ ಕೆಮ್ಮು ಬಂತು.

“ನಿನ್ನ ಮಾತ ಕೇಳಿ ಹೊದಿಸಿಲ್ಲ ನೋಡ ವೈನಿ,” ಎಂದ ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ ಬಾಬಾಸಾಹೇಬ. ಅವನ ಮೈಮೇಲೆ ದಪ್ಪ ಸ್ವೆಟರ್ ಇತ್ತು.

ಸುಗಂಧಾ ಹಾಲಿನ ಕ್ಯಾನನ್ನು ಅಲ್ಲೇ ಇಟ್ಟು ಮನೆಗೆ ತಿರುಗಿದಳು. ನಡೆಯುತ್ತ ಬೈದುಕೊಂಡದ್ದು ಯಾರನ್ನು ಎಂದು ಅವಳಿಗೇ ತಿಳಿಯಲಿಲ್ಲ. ಹಾಸಿಗೆಯ ಗಂಟಿನಿಂದ ದೊಡ್ಡ ಕೌದಿ ಎಳೆದಳು. ನಡುವೆ ಅವಳ ಮದುವೆಯ ಹಸಿರು ಸೀರೆ, ಸುತ್ತಲೂ ಅತ್ತೆಯ ಹಳೆಯ ಇಳಕಲ್ಲ ಸೀರೆ, ಒಂದು ಮೂಲೆಗೆ ಗಂಡ ಶರ್ಯತ್ತು ಗೆದ್ದಾಗ ಊರವರು ತಲೆಗೆ ಸುತ್ತಿದ್ದ ಕೇಸರಿ ಪಟಗಾದ ತುಂಡು. ಆ ಪಟಗಾ ಗುರುತಿಸದವರು ಸುತ್ತಲಿನ ಊರುಗಳಲ್ಲಿ ಇರಲಿಲ್ಲ.

ಅವಳು ತಿರುಗಿ ಬರುವಾಗ ಡೇರಿಗೆ ಹೊರಟ ನಾಲ್ಕಾರು ಜನ ಅಂಗಳದ ಮುಂದೆ ನಿಂತಿದ್ದರು. ಅವಳಿಗೆ ಬೇಕಾದದ್ದೂ ಅದೇ.

“ಕೂದಲ ಇದ್ದ ಕುದರಿಗೆ ಮಾವನೋರ ಮಾತ. ನೀ ಬೋಳಿಸಿದ್ದಕ್ಕ ನನ್ನ ಮಾತ,” ಎಂದು ಕೌದಿಯನ್ನು ಮೈದುನನ ಕೈಗೆ ಹಾಕಿದಳು. “ತಗೋ, ನಿನ್ನ ಕೈಲೇ ಹೊದಸ. ಬೆವತಾಗ ಮೈ ಒರಸಿ ಹೊದಸಬೇಕು. ಐತವಾರ ಶರ್ಯತ್ತಿನ ಮಾಳಕ್ಕೂ ಇದನ್ನ ಹೊದ್ದು ಬರಬೇಕು.”

“ಮಾಳಕ್ಕ ಹೊಸಾದ ತರತೀನಿ ಬಿಡ. ಇದನ್ನ ನೋಡಿದ್ರ ಮಂದಿ—”

“ಮಂದಿ ಯಾರದು ಅಂತ ಕೇಳ್ತಾರ. ಹೇಳು. ಒಲ್ಲೆ ಅಂದ್ರ ಈಗ ಕೊಡು, ಒಯ್ತೀನಿ.”

ಕುದುರೆ ಮತ್ತೆ ಕೆಮ್ಮಿತು. ಒಳಗಿನಿಂದ ಅವನ ಹೆಂಡತಿ ಕೋಮಲ ಕೂಗಿದಳು: “ಹೊದಸ್ರಿ ಸುಮ್ಮ! ಸತ್ತರ ನೀವೇನ ಗಾಡಿ ಎಳಿತೀರಿ?” ನಿಂತವರು ನಕ್ಕರು. ಬಾಬಾಸಾಹೇಬ ಬಾಯಿಯ ನೊರೆ ಉಗುಳಿ ಕೌದಿ ಬಿಡಿಸಿದ.

“ಅದರಾಗ ನಿಮ್ಮಣ್ಣನ ಪಟಗಾ ಐತಿ,” ಎಂದಳು ಸುಗಂಧಾ. “ನೆಲಕ್ಕ ತಾಗಸಬ್ಯಾಡ.”

ಐತವಾರದ ಹೊತ್ತಿಗೆ ಕೆಮ್ಮು ನಿಂತಿತ್ತು. ಮಾಳದಲ್ಲಿ ಮಿರಜಿನ ಕಡೆಯ ಕುದುರೆಗಳು ಮಿರಿಮಿರಿ ಮಿಂಚುವ ಹೊದಿಕೆ ಹೊದ್ದು ಬಂದಿದ್ದವು. ಅವುಗಳ ನಡುವೆ ತೇಪೆತೇಪೆಯ ಕೌದಿ ದೂರದಿಂದಲೇ ಕಾಣುತ್ತಿತ್ತು.

“ಯಾರದೋ ಈ ಕೌದಿ?” ಯಾರೋ ಕೇಳಿದರು.

“ವೈನೀದು.”

“ಆಂ?”

“ನಮ್ಮ ವೈನೀದ್ರಿ. ಸುಗಂಧಾ ವೈನೀದು. ಕುದರಿ ಸಾಕಿದಾಕಿ,” ಎಂದು ಬಾಬಾಸಾಹೇಬ ಕೂಗಿ ಹೇಳಬೇಕಾಯಿತು.

ಸುರಜ ಗಾಡಿ ಹತ್ತಿದ. ಬಾಬಾಸಾಹೇಬ ಕೌದಿ ತೆಗೆದು, ಅದನ್ನು ಇಡಲು ಸುತ್ತ ನೋಡಿದ. ನೆಲ ಇಬ್ಬನಿಗೆ ಒದ್ದೆಯಾಗಿತ್ತು. ಕಬ್ಬಿನ ಟ್ರಾಲಿಯ ಮೇಲೆ ಹೆಂಗಸರೊಂದಿಗೆ ನಿಂತಿದ್ದ ಸುಗಂಧಾಳನ್ನು ಕಂಡ. ಕೌದಿಯನ್ನು ಮಡಚಿ, ಎರಡೂ ತೋಳುಗಳ ಮೇಲೆ ಹೊತ್ತು ನಿಂತ.

ಗಾಡಿಗಳು ಬಿಟ್ಟವು. ಜನ ಕೂಗುತ್ತ ಓಟದ ಕಡೆಗೆ ನುಗ್ಗಿದರು. ಸುಗಂಧಾ ಮಾತ್ರ ಆ ಕಡೆ ನೋಡಲಿಲ್ಲ. ಖಾಲಿಯಾದ ಜಾಗದಲ್ಲಿ, ಕುದುರೆಯ ಕೂದಲು ಮೆತ್ತಿದ ಬಿಳಿ ಅಂಗಿಯಲ್ಲಿ, ತೋಳು ಇಳಿಸಲಾರದೆ ನಿಂತವನನ್ನೇ ನೋಡುತ್ತಿದ್ದಳು.