ಎರಡು ಸಲ ಒತ್ತಿದರೆ ‘ಇಲ್ಲ’

“ಭಾವ, ಕುರ್ಚಿ ಸಾಲಲ್ಲ,” ಎಂದು ನಾದಿನಿ ಮಡಚಿದ್ದ ಕುರ್ಚಿಯೊಂದನ್ನು ಮೊಣಕಾಲಿನಿಂದ ಒತ್ತಿ ಬಿಡಿಸುತ್ತಾ ಹೇಳಿದಳು. “ಇಪ್ಪತ್ತು ಜನ ಬಂದ್ರೆ ಹೆಚ್ಚು ಅಂದ್ರಿ. ಗೇಟ್ ಕಡೆ ಒಂದ್ಸಲ ನೋಡಿ.”

ಅವನು ಕೈಯಲ್ಲಿದ್ದ ಎರಡು ಕುರ್ಚಿಗಳನ್ನು ಗೋಡೆಗೆ ಆನಿಸಿ ನೋಡಿದ. ಚಿತಾಗಾರದ ಗೇಟಿನಿಂದ ಜನ ಎರಡು ಗುಂಪಾಗಿ ಬರುತ್ತಿದ್ದರು. ಮುಂದಿನವರು ರೈಲ್ವೆ ಸ್ಟೇಷನ್ನಿನವರು. ಇಸ್ತ್ರಿ ಮಾಡಿದ ಸಮವಸ್ತ್ರ, ಮೆಲ್ಲನೆಯ ನಡಿಗೆ. ಹಿಂದಿನ ಗುಂಪನ್ನು ಕಂಡು ನಾದಿನಿಯ ಹುಬ್ಬು ಮೇಲೇರಿತು. ಒಗೆದೊಗೆದು ಬೂದಿಯ ಬಣ್ಣಕ್ಕೆ ತಿರುಗಿದ ಕಪ್ಪು ಟೀ ಶರ್ಟುಗಳು, ಹೊಟ್ಟೆಯ ಮೇಲೆ ಗುಂಡಿ ಕೂಡದ ಚರ್ಮದ ಜಾಕೆಟ್ಟು, ಕಿವಿಯ ಅಂಚಿನುದ್ದಕ್ಕೂ ರಿಂಗು ಚುಚ್ಚಿಸಿಕೊಂಡ ಒಬ್ಬ ಹೆಂಗಸು. ಎಲ್ಲರಿಗೂ ಐವತ್ತು ದಾಟಿತ್ತು. ಹೊಸ ಶಾಲೆಗೆ ಸೇರಿದ ಮಕ್ಕಳ ಹಾಗೆ ಒಬ್ಬರಿಗೊಬ್ಬರು ಅಂಟಿಕೊಂಡು ನಡೆಯುತ್ತಿದ್ದರು.

“ಯಾರಿವರು?”

“ನಿಮ್ಮಕ್ಕನ ಬ್ಲಾಗ್ ಓದೋರು.”

“ಇವರಿಗ್ಯಾರು ಹೇಳಿದ್ರು?”

“ನಾನೇ. ನಿನ್ನೆ ಬ್ಲಾಗಿನಲ್ಲಿ ಸುದ್ದಿ ಹಾಕಿದೆ.”

“ಅಕ್ಕನಿಗೆ ಎರಡನೇ ಸಲ ಲಕ್ವ ಹೊಡೆದಮೇಲೆ ಅದು ನಿಂತುಹೋಗಿತ್ತಲ್ಲ?”

ಅವನು ಕುರ್ಚಿಗಳನ್ನು ಎತ್ತಿಕೊಂಡ.

ಜಾಕೆಟ್ಟಿನವರು ನೇರವಾಗಿ ಅವನ ಬಳಿಗೆ ಬಂದರು. ತಾನು ಹಲ್ಲಿನ ಡಾಕ್ಟರು ಎಂದರು. “ಬ್ಲಾಗಿನಲ್ಲಿ ನನ್ನ ಹೆಸರು ಹಲ್ಲುಗಿಂಜ,” ಎಂದು ಸಂಕೋಚದಿಂದ ಸೇರಿಸಿದರು. “ನಿಮ್ಮ ಮನೆಯವರು ಇಷ್ಟು ವರ್ಷದಲ್ಲಿ ಒಂದು ಸಲಾನೂ ನನ್ನ ಮಾತು ಒಪ್ಪಲಿಲ್ಲ ಸರ್. ಬ್ಯಾಂಡಿನ ಎರಡನೇ ರೆಕಾರ್ಡಲ್ಲಿ ಡ್ರಮ್ಸ್ ಯಾರು ಬಾರಿಸಿದ್ದು ಅಂತ ನಾವು ಒಂದು ಇಡೀ ಬೇಸಿಗೆ ಜಗಳ ಆಡಿದ್ದೀವಿ.” ನಗಲು ಹೋಗಿ ಜಾಕೆಟ್ಟಿನ ಅಂಚು ಎಳೆದುಕೊಂಡರು. “ಈ ಕೆಲವು ತಿಂಗಳಿಂದ ಮಾತ್ರ ತುಂಬ ಮೆತ್ತಗಾಗಿದ್ರು. ಮೊನ್ನೆ ಮೊನ್ನೆ ನಾನೇನೋ ಅಂದಿದ್ದಕ್ಕೆ ‘ಇರಬಹುದು’ ಅಂತ ಬರೆದ್ರು. ಅವತ್ತೇ ನಂಗೆ ಭಯ ಆಯ್ತು.”

ನಾದಿನಿ ಕುರ್ಚಿ ಬಿಡಿಸುವುದನ್ನು ನಿಲ್ಲಿಸಿ ಭಾವನ ಮುಖ ನೋಡಿದಳು. ಅವನು ಹಲ್ಲಿನ ಡಾಕ್ಟರಿಗೆ ಕೂರಲು ಜಾಗ ತೋರಿಸುತ್ತಿದ್ದ.

*

ಸ್ಟೇಷನ್ನಿನಲ್ಲಿ ಅವನ ಹೆಂಡತಿಯನ್ನು ಎಲ್ಲರೂ ಮೈಕಮ್ಮ ಎನ್ನುತ್ತಿದ್ದರು. ಮೂರನೆಯ ಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ರೈಲುಗಳ ಬರುವಿಕೆ, ಹೊರಡುವಿಕೆ, ತಡವಾಗುವಿಕೆಗಳನ್ನು ಹೇಳುವುದು ಅವಳ ಕೆಲಸ. ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ಆಗಿರುವ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ. ಜೇನು ಸವರಿದಂಥ ದನಿ. ಸಂಜೆ ಮನೆಗೆ ಬಂದು, ಚಪ್ಪಲಿ ಒಂದೊಂದು ದಿಕ್ಕಿಗೆ ಬಿಟ್ಟು, ಊಟದ ಮೇಜಿನ ಮೇಲಿದ್ದ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು.

“ದಿನವಿಡೀ ನನ್ನದಲ್ಲದ ತಪ್ಪಿಗೆ ವಿಷಾದಿಸಿ ಬಂದಿದ್ದೀನಿ,” ಎನ್ನುತ್ತಿದ್ದಳು. “ಇನ್ನು ಸ್ವಲ್ಪ ಹೊತ್ತು ಬೈತೀನಿ. ನನ್ನ ಮಾತಾಡಿಸಬೇಡ.”

ಬ್ಲಾಗು ಒಂದು ಪಂಕ್ ಬ್ಯಾಂಡಿನ, ಸಿಟ್ಟನ್ನೇ ಹಾಡಾಗಿ ಕಿರುಚುವವರ, ಕುರಿತದ್ದು. ಮುಚ್ಚಿದ ಸೈಕಲ್ ಗೋದಾಮಿನಲ್ಲಿ ನಾಲ್ಕು ಹುಡುಗರು ಕಟ್ಟಿದ ಬ್ಯಾಂಡು. ಎರಡು ರೆಕಾರ್ಡು ತಂದು, ನಾಲ್ಕು ವರ್ಷ ಕೂಗಾಡಿ ಮುರಿದುಬಿದ್ದಿತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ ಅವರ ಕೊನೆಯ ಕಾರ್ಯಕ್ರಮಕ್ಕೆ ಅವಳು ಹೋಗಿದ್ದಳು. ಜನರ ನೂಕಿನಲ್ಲಿ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಮನೆಗೆ ಬಂದವಳು. ದೊಡ್ಡವರ ಎದುರು ತಲೆಯೆತ್ತಿ ‘ಆಗಲ್ಲ’ ಅನ್ನಬಹುದು ಎಂದು ತನಗೆ ಮೊದಲು ಹೇಳಿದವರು ಅವರೇ ಎಂದು ಬ್ಲಾಗಿನ ಮೊದಲ ಬರಹದಲ್ಲಿ ಬರೆದಿದ್ದಳು. ಹರಿದ ಟಿಕೆಟು, ಗೋಡೆಯಿಂದ ಕಿತ್ತ ಪೋಸ್ಟರು, ಯಾರದೋ ಮದುವೆಯ ಆಲ್ಬಮ್ಮಿನ ಮೂಲೆಯಲ್ಲಿ ಸಿಕ್ಕ ಡ್ರಮ್ಮರನ ಫೋಟೊ, ಎಲ್ಲವನ್ನೂ ಹುಡುಕಿ ತಂದು ಹಾಕುತ್ತಿದ್ದಳು. ತಾರೀಕು ತಪ್ಪು ಹೇಳಿದವರನ್ನು ಬಿಡುತ್ತಿರಲಿಲ್ಲ.

ಅವನಿಗೆ ಆ ಸಂಗೀತ ಹಿಡಿಸಿರಲಿಲ್ಲ. ಕನ್ನಡಕದಂಗಡಿಯ ಹಿಂಬದಿಯಲ್ಲಿ ದಿನವಿಡೀ ಗಾಜು ಉಜ್ಜುವವನಿಗೆ ಮನೆಯಲ್ಲಾದರೂ ಸದ್ದಿರಬಾರದು. ಅವಳ ಹೆಡ್‌ಫೋನಿನಿಂದ ಸೋರುವ ಹಾಡೂ ಅವನ ಕಿವಿಗೆ ಗಾಜು ಉಜ್ಜಿದಂತೆಯೇ ಇತ್ತು. ಆದರೂ ಬರೆದದ್ದನ್ನು ಅವಳು ಓದಿ ಹೇಳುತ್ತಿದ್ದಳು, ಅವನು ತರಕಾರಿ ಹೆಚ್ಚುತ್ತಾ ಕೇಳುತ್ತಿದ್ದ.

“ಸ್ವಲ್ಪ ಖಾರ ಆಯ್ತೇನೋ,” ಎಂದರೆ ಅವಳು ಕನ್ನಡಕದ ಮೇಲಿಂದ ನೋಡುತ್ತಿದ್ದಳು. “ನಿನಗೆ ಎಲ್ಲರ ಹತ್ರನೂ ಒಳ್ಳೆಯವನಾಗಿರಬೇಕು. ಅದಕ್ಕೇ ನಿನಗೆ ಪಂಕ್ ಹತ್ತಲ್ಲ.”

ಅವಳ ಖಾರವೆಲ್ಲ ಹೆಚ್ಚಾಗಿ ಒಬ್ಬನ ಪಾಲಿಗೆ. ಬ್ಯಾಂಡಿನ ಗಿಟಾರಿನವನನ್ನು ಎಲ್ಲರೂ ತಂತಿ ಎನ್ನುತ್ತಿದ್ದರು. ಮೂರನೆಯ ರೆಕಾರ್ಡು ಇನ್ನೇನು ಶುರುವಾಗಬೇಕು ಎನ್ನುವಾಗ ಆತ ಜಾಹೀರಾತಿನ ಕಂಪನಿಯೊಂದಕ್ಕೆ ಸೇರಿ, ಹಲ್ಲುಪುಡಿಗೆ ರಾಗ ಹಾಕಲು ಹೋಗಿಬಿಟ್ಟ. ಬ್ಯಾಂಡು ನಿಂತಿತು. ಹಾಡುವವನು ಕುಡಿತಕ್ಕೆ ಬಿದ್ದು ಎರಡು ವರ್ಷದೊಳಗೆ ಸತ್ತ. ಸತ್ತ ದಿನ ಬಂದಾಗಲೆಲ್ಲ ಅವಳು ತಂತಿಯ ಬಗ್ಗೆ ಬರೆಯುತ್ತಿದ್ದಳು. ಒಂದು ವರ್ಷ ಸ್ವತಃ ತಂತಿಯೇ ಕೆಳಗೆ ಕಾಮೆಂಟು ಹಾಕಿ ತನ್ನ ಕಷ್ಟವನ್ನು ಉದ್ದಕ್ಕೆ ತೋಡಿಕೊಂಡಿದ್ದ. ಅವಳು ಮೈಕಿನ ದನಿಯಲ್ಲೇ ಓದಿಕೊಳ್ಳುತ್ತಾ ಉತ್ತರ ಟೈಪ್ ಮಾಡಿದಳು: “ನಿಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ. ಆಗಿರುವ ಅನಾನುಕೂಲಕ್ಕಾಗಿ ವಿಷಾದವಿಲ್ಲ.” ಆಮೇಲೆ ಮೇಜು ಗುದ್ದಿ ಗುದ್ದಿ ನಕ್ಕಳು. ಅವನಿಗೂ ನಗು ಬಂತು. ಅಂದು ಮಲಗಿದ ಮೇಲೆ ಮಾತ್ರ, ಪಾಪ, ಅನ್ನಿಸಿತ್ತು.

*

ಚಿತಾಗಾರದ ಹಾಲ್‌ನಲ್ಲಿ ಮೊದಲು ಸ್ಟೇಷನ್ ಮಾಸ್ಟರ್ ಮಾತಾಡಿದರು. “ನಮ್ಮ ಮೈಕಮ್ಮ ಒಬ್ಬರಿಗೂ ಗಟ್ಟಿಯಾಗಿ ಒಂದು ಮಾತು ಅಂದವರಲ್ಲ. ರೈಲು ಎಷ್ಟೇ ಲೇಟಾಗ್ಲಿ, ಅವರ ದನಿ ಕೇಳಿದ್ರೆ ಜನ ಸುಮ್ಮನಾಗೋರು.”

ರಿಂಗಿನ ಹೆಂಗಸು ಹಲ್ಲಿನ ಡಾಕ್ಟರ ಕಡೆ ಬಾಗಿ, “ಇವರು ಯಾರ ಬಗ್ಗೆ ಹೇಳ್ತಿದ್ದಾರೆ?” ಎಂದು ಪಿಸುಗುಟ್ಟಿದಳು.

ಹೂವಿನ ನಡುವೆ ಮಲಗಿದ್ದವಳ ಬಾಯಿ ಬಲಗಡೆಗೆ ಕೊಂಚ ಜಾರಿತ್ತು. ಲಕ್ವ ಹೊಡೆದಂದಿನಿಂದ ಅದು ಹಾಗೇ. ಅವನು ಆ ಕಡೆ ನೋಡದಂತೆ ಕೂತಿದ್ದ.

ಆಗ ಕೊನೆಯ ಸಾಲಿನಿಂದ ಒಬ್ಬ ಮುದುಕ ಎದ್ದುಬಂದ. ಕೋಟು ದೊಡ್ಡದು, ಒಳಗಿನ ಮನುಷ್ಯ ಚಿಕ್ಕವನು. ಕಪ್ಪು ಶರ್ಟುಗಳ ಸಾಲಿನಲ್ಲಿ ಗುಸುಗುಸು ಎದ್ದಿತು: “ತಂತಿ. ತಂತಿ ಕಣೋ.” ಯಾರೋ ಎದ್ದೇ ನಿಂತರು.

“ನಾನು ಇಲ್ಲಿಗೆ ಬರೋ ಯೋಗ್ಯತೆ ಇರೋನಲ್ಲ,” ಎಂದ ಆತ. “ಇವರು ಇಷ್ಟು ವರ್ಷ ನನ್ನನ್ನ ಬೈದಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಈಚೆಗೆ ನಾನೊಂದು ಪತ್ರ ಹಾಕಿದ್ದೆ. ಅದಕ್ಕೆ ಇವರು ಬರೆದಿದ್ದು ನಂಗೆ ಬಾಯಿಪಾಠ ಆಗಿಬಿಟ್ಟಿದೆ. ಹೇಳ್ಲಾ?”

ಆತ ಅವಳ ಕಡೆಗೇ ತಿರುಗಿ ಹೇಳತೊಡಗಿದ.

“‘ನೀವು ಹೋದದ್ದು ಹೊಟ್ಟೆಪಾಡಿಗೆ ಎಂದು ಈಗ ಅನ್ನಿಸುತ್ತದೆ. ಇಪ್ಪತ್ತೆರಡರ ಹುಡುಗನೊಬ್ಬನ ಮೇಲೆ ಇಷ್ಟು ಕಾಲ ಕೋಪ ಇಟ್ಟುಕೊಂಡದ್ದು ಸಾಕು. ಹಾಡುವವನು ಸತ್ತದ್ದು ನಿಮ್ಮಿಂದಲ್ಲ. ನೆಮ್ಮದಿಯಾಗಿರಿ.’”

ಹಲ್ಲಿನ ಡಾಕ್ಟರು ಕರ್ಚೀಫು ತೆಗೆದರು. ಸ್ಟೇಷನ್ ಮಾಸ್ಟರು, ತಮ್ಮ ಮಾತೇ ನಿಜವಾಯಿತೆಂಬಂತೆ, ತಲೆಯಾಡಿಸಿದರು. ಅವನು ಮಾತ್ರ ತನ್ನ ಮೊಣಕಾಲನ್ನು ಹಿಡಿದುಕೊಂಡು ಕೂತಿದ್ದ. ನೆಮ್ಮದಿಯಾಗಿರಿ. ಅವಳು ಜೀವಮಾನದಲ್ಲಿ ಬರೆಯದ ಪದ. ಇವರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವೇ?

ಪಕ್ಕದಲ್ಲಿ ನಾದಿನಿ ಭಾವನ ಕಡೆಗೇ ತಿರುಗಿ ಕೂತಿದ್ದಳು.

*

ಲಕ್ವ ಹೊಡೆದದ್ದು ಮೈಕಿನ ಮುಂದೆಯೇ. ರೈಲಿನ ಹೆಸರು ಹೇಳಿದ ಅವಳು ಪ್ಲಾಟ್‌ಫಾರಂ ಯಾವುದೆಂದು ಹೇಳಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದಾಗ ಮಾತು ಹೋಗಿತ್ತು, ಬಲಗೈ ಹೋಗಿತ್ತು. ಉಳಿದದ್ದು ಎಡಗೈಯ ಹಿಡಿತ. ಒಂದು ಸಲ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ.

ಅವನು ಅಂಗಡಿಗೆ ರಜೆ ಹಾಕಿ ಮಂಚದ ಪಕ್ಕ ಕಂಪ್ಯೂಟರಿಟ್ಟ. ಬಂದ ಕಾಮೆಂಟುಗಳನ್ನು ಓದಿ ಹೇಳುವನು, “ಹೀಗೆ ಬರೀಲಾ?” ಎಂದು ಕೇಳುವನು, ಅವಳು ಒತ್ತುವಳು. ಕೆಲವು ದಿನ ಅವಳು ಎಲ್ಲಕ್ಕೂ ಎರಡು ಸಲ ಒತ್ತಿ ಅವನನ್ನು ಸತಾಯಿಸುತ್ತಿದ್ದಳು. ಕಣ್ಣಿನಲ್ಲಿ ನಗು ಕಾಣುತ್ತಿತ್ತು. ಸುಸ್ತಾಗಿ ನಿದ್ದೆ ಹೋದ ದಿನ ಅವನೇ ನಾಲ್ಕು ಸಾಲು ಬರೆದುಹಾಕುತ್ತಿದ್ದ. ಅವನ ಸಾಲುಗಳಲ್ಲಿ ಜಗಳ ಇರುತ್ತಿರಲಿಲ್ಲ.

ತಂತಿಯ ಪತ್ರ ಬಂದದ್ದು ಆಗ. ಅಪ್ಪನ ಅಂಗಡಿ ಮುಚ್ಚಿ ಮನೆಯಲ್ಲಿ ಒಲೆ ಉರಿಯದ ಹೊತ್ತಿನಲ್ಲಿ ಆ ಕೆಲಸ ಸಿಕ್ಕಿತ್ತಂತೆ. ಹಾಡುವವನು ಸಾಯುವ ಹಿಂದಿನ ದಿನ ಫೋನು ಮಾಡಿದ್ದನಂತೆ, ತಾನು ಎತ್ತಲಿಲ್ಲವಂತೆ. ‘ನಮ್ಮ ನಾಲ್ವರನ್ನು ಸರಿಯಾಗಿ ನೆನಪಿಟ್ಟವರು ನೀವೊಬ್ಬರೇ. ನೀವು ಸಾಕು ಅಂದರೆ ನಾನೂ ಸಾಕು ಅಂದುಕೊಳ್ಳುತ್ತೇನೆ.’

ಅವನು ಪೂರ್ತಿ ಓದಿ ಹೇಳಿದ. ಕೋಣೆಯ ಆ ಬದಿಯಲ್ಲಿ ನಾದಿನಿ ಹಾಸಿಗೆಯ ಬಟ್ಟೆ ಮಡಚುತ್ತಿದ್ದಳು.

“ಸಾಕು ಅಂತ ಬರೀಲಾ?”

ಅವಳು ಎರಡು ಸಲ ಒತ್ತಿದಳು.

“ಮುದುಕ ಆಗಿದ್ದಾನೆ. ಒಂದು ಮಾತಲ್ವಾ.”

ಮತ್ತೆ ಎರಡು ಸಲ. ಈ ಸಲ ಉಗುರು ಅವನ ಅಂಗೈಗೆ ಊರಿತು.

“ಆಯ್ತು ಬಿಡು,” ಎಂದ.

ಮಧ್ಯಾಹ್ನ ಅವಳು ನಿದ್ದೆಹೋದಾಗ ಅವನು ಆ ಉತ್ತರ ಬರೆದ. ಅಷ್ಟು ತಿಂಗಳು ಏನೇನು ಮಾಡಿದರೂ ಆ ಮಂಚದ ಮೇಲೆ ಒಂದೂ ರಿಪೇರಿಯಾಗಿರಲಿಲ್ಲ. ಇಲ್ಲಿ ನಾಲ್ಕು ಸಾಲಿಗೆ ಒಬ್ಬ ಮನುಷ್ಯ ನೆಟ್ಟಗಾಗುವ ಹಾಗಿತ್ತು. ಕೈ ಅಲುಗುವುದೆಲ್ಲ ಬೇಕೆಂದೇ ಅಲುಗುವುದಲ್ಲ, ಕೆಲವು ಬರಿ ನರದ ಎಳೆತ ಎಂದು ಡಾಕ್ಟರು ಹೇಳಿದ್ದನ್ನು ನೆನೆದುಕೊಂಡ. ನರದ ಎಳೆತಕ್ಕೆ ಉಗುರು ಊರಲು ಬರುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಉತ್ತರವನ್ನು ಅವಳಿಗೆ ಓದಿ ಹೇಳಲಿಲ್ಲ. ಆ ವಾರವೇ ಎರಡನೆಯ ಸಲ ಲಕ್ವ ಹೊಡೆಯಿತು. ಆಮೇಲೆ ಎಡಗೈ ಏನನ್ನೂ ಒತ್ತಲಿಲ್ಲ.

*

ಎಲ್ಲ ಮುಗಿದು ಜನ ಗೇಟಿನತ್ತ ಸರಿಯುತ್ತಿದ್ದಾಗ ನಾದಿನಿ ಅವನ ಪಕ್ಕ ಬಂದು ಕುರ್ಚಿ ಮಡಚತೊಡಗಿದಳು.

“ಅಕ್ಕ ಹಾಗೆ ಹೇಳಲಿಲ್ಲ, ಭಾವ.”

“ಗೊತ್ತು.”

“ನಾನಲ್ಲೇ ಇದ್ದೆ.”

“ಗೊತ್ತು ಅಂದ್ನಲ್ಲ.”

ಅವಳು ಇನ್ನೂ ಮೂರ್ನಾಲ್ಕು ಕುರ್ಚಿ ಮಡಚಿದಳು. “ಇರಲಿ ಬಿಡಿ. ಆ ಮನುಷ್ಯ ಅತ್ತು ಹಗುರಾದ. ಅಕ್ಕನಿಗೂ ಒಳ್ಳೆ ಹೆಸರು ಬಂತು. ಈಗ ಕೆದಕಿ ಯಾರಿಗೇನು?”

“ಒಳ್ಳೆ ಹೆಸರು ಅವಳಿಗೆ ಬೇಕಿರಲಿಲ್ಲ ಕಣಮ್ಮ,” ಎಂದು ಅವನು ಕೈಯೊರೆಸಿಕೊಂಡು ಹೊರಗೆ ಹೋದ.

ತಂತಿ ಅಂಗಳದ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದ. ಅವನನ್ನು ಕಂಡೊಡನೆ ಒದ್ದೆ ಕೈಯಲ್ಲೇ ಅವನ ಎರಡೂ ಕೈ ಹಿಡಿದುಕೊಂಡ. “ನಿಮಗೆ ಹೇಗೆ ಹೇಳೋದು ಸರ್. ಎಂಥ ದೊಡ್ಡ ಮನಸ್ಸು ಅವರದ್ದು.”

“ಅದು ಬರೆದಿದ್ದು ನಾನು.”

“ಹೂಂ, ನೀವೇ ಟೈಪ್ ಮಾಡಿರ್ತೀರಿ. ಅವರಿಗೆ ಕೈ ಬರ್ತಿರಲಿಲ್ಲ ಅಂತ ಈಗ ಒಳಗೆ ಹೇಳಿದ್ರು.”

“ಹಾಗಲ್ಲ. ಅವಳು ಬೇಡ ಅಂದ್ಲು. ಎರಡು ಸಲ ಕೇಳಿದೆ. ಎರಡು ಸಲಾನೂ ಬೇಡ ಅಂದ್ಲು. ಅವಳು ಮಲಗಿದ್ದಾಗ ನಾನು ಬರೆದೆ.”

ತಂತಿ ಕೈ ಬಿಡಲಿಲ್ಲ, ಮರೆತವನಂತೆ ಹಿಡಿದೇ ಇದ್ದ. ನಲ್ಲಿ ಸುರಿಯುತ್ತಿತ್ತು.

“ಪತ್ರ ಪೂರ್ತಿ ಓದಿ ಹೇಳಿದ್ರಾ?”

“ಪೂರ್ತಿ.”

“ಫೋನ್ ಎತ್ತಲಿಲ್ಲ ಅಂದಿದ್ದು?”

“ಅದೂ.”

ಆತ ಆಗ ಕೈ ಬಿಟ್ಟ. “ಯಾಕೆ ಹೇಳಿದ್ರಿ ಈಗ?”

“ಆ ‘ಬೇಡ’ ಅವಳ ಕೊನೇ ಮಾತು. ನಾನು ನುಂಗಿಬಿಟ್ಟಿದ್ದೆ.”

“ನುಂಗೇ ಬಿಡಬೇಕಿತ್ತು,” ಎಂದ ತಂತಿ. ದನಿಯಲ್ಲಿ ಸಿಟ್ಟಿರಲಿಲ್ಲ. “ನಂಗೆ ನಿದ್ದೆ ಬರ್ತಿತ್ತು ಸರ್ ಇತ್ತೀಚೆಗೆ.” ಆಮೇಲೆ ಬಾಗಿ ನಲ್ಲಿ ನಿಲ್ಲಿಸಿದ. “ಬ್ಲಾಗಿನಿಂದ ಅದನ್ನ ತೆಗೀತೀರಾ?”

“ಅದು ಅವಳದಲ್ಲ.”

“ಹೂಂ. ತೆಗೀರಿ. ಅವರಾಗಿದ್ರೆ ಯಾಕೆ ತೆಗೆದೆ ಅಂತಾನೂ ಬರೀತಿದ್ರು.”

ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು ಆತ ಗೇಟು ದಾಟಿ, ರಸ್ತೆಯ ಆಚೆಬದಿಯ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತ.

ಅವನು ಒಳಗೆ ಹೋಗಿ ಉಳಿದ ಕುರ್ಚಿಗಳನ್ನು ಮಡಚಿದ. ನಾದಿನಿಯನ್ನು ಆಟೋ ಹತ್ತಿಸಿದ. ಸಂಜೆಗೆ ಬರುತ್ತೇನೆಂದ. ಆಟೋ ಹೋದಮೇಲೆ ನೋಡಿದರೆ ತಂತಿ ಇನ್ನೂ ಅಲ್ಲೇ ಇದ್ದ. ಒಂದು ಬಸ್ಸು ಬಂದು ಆತನನ್ನು ಮರೆಮಾಡಿತು. ಹೊರಟಮೇಲೆ ಆತ ಮತ್ತೆ ಕಂಡ, ಕೂತ ಹಾಗೆಯೇ, ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು. ಬಿಸಿಲು ಬೆಂಚಿನ ಅರ್ಧಕ್ಕೆ ಬಂದಿತ್ತು.

ಅವನು ರಸ್ತೆ ದಾಟಿ ಹೋಗಿ ಆತನ ಪಕ್ಕ ಕೂತ. ತಂತಿ ತಿರುಗಿ ನೋಡಲಿಲ್ಲ, ಸರಿದು ದೂರವೂ ಕೂರಲಿಲ್ಲ. ಇನ್ನೊಂದು ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಡ್ರೈವರು ಸ್ಟೀರಿಂಗಿನ ಮೇಲಿಂದ ಬಗ್ಗಿ ಇಬ್ಬರನ್ನೂ ನೋಡಿದ. “ಹತ್ತೋರು ಯಾರಾದ್ರೂ ಇದ್ದೀರಾ?” ಎಂದ. ಒಳಗಿನ ಜನ ಕಿಟಕಿಯಿಂದ ನೋಡಿದರು. ಇಬ್ಬರೂ ಏಳದ್ದನ್ನು ಕಂಡು ಡ್ರೈವರು ಬಾಗಿಲು ಮುಚ್ಚಿದ.