ಒಳಮಗ್ಗುಲ ಹೆಸರು

ತಾನು ಹೊಲಿದ ಬ್ಯಾಗಿನ ಮೇಲೆ ಹಾಕಲು ಪುಟ್ಟಲಿಂಗಮ್ಮನಿಗೆ ಒಂದು ಹೆಸರಿರಲಿಲ್ಲ.

ಹನ್ನೊಂದು ವರ್ಷ ಬ್ಯಾಗ್ ಕಂಪನಿಯಲ್ಲಿ ಹೊಲಿದಿದ್ದಳು. ಕಂಪನಿ ಹೊಲಿಗೆ ಕೆಲಸವನ್ನು ಬೇರೆ ಊರಿಗೆ ಸಾಗಿಸಿ ಅವಳನ್ನು ಮನೆಗೆ ಕಳಿಸಿತು. ಅಚ್ಚು ಕೆಟ್ಟ ನೈಲಾನ್ ಬಟ್ಟೆಯನ್ನು ಅದೇ ಕಂಪನಿ ಗೇಟಿನಲ್ಲಿ ತೂಕಕ್ಕೆ ಮಾರುತ್ತಿತ್ತು. ಅದನ್ನು ತಂದು ಶಾಲೆ ಬ್ಯಾಗ್ ಹೊಲಿದು, ಸರಸ್ವತಿಪುರಂನ ಟ್ಯುಟೋರಿಯಲ್ ಮುಂದೆ ಫುಟ್‌ಪಾತಿನಲ್ಲಿ ಮಾರುತ್ತಿದ್ದಳು. ಬಟ್ಟೆಯ ಮೇಲೆ ಕಂಪನಿಯ ಹೆಸರಿರುತ್ತಿತ್ತು. ಅದು ಒಳಗೆ ಹೋಗುವಂತೆ ಮಗುಚಿ ಹೊಲಿಯುತ್ತಿದ್ದಳು. ಇನ್ನೊಬ್ಬರ ಹೆಸರಲ್ಲಿ ಮಾರುವುದು ಅವಳಿಗೆ ಸರಿಬರುತ್ತಿರಲಿಲ್ಲ.

ನಕಲಿ ಸರಕು ತಡೆಯಲು ನಗರದಲ್ಲೊಂದು ಸಮಿತಿಯಿತ್ತು. ನಜರ್‌ಬಾದಿನಲ್ಲಿ ಕಚೇರಿ, ಕಚೇರಿಯಲ್ಲಿ ಎ.ಸಿ., ಎ.ಸಿ.ಯ ಕೆಳಗೆ ಗೋಡಂಬಿ ತಿನ್ನುವ ಆರು ಸದಸ್ಯರು. ನಕಲಿ ಮಾಲಿನ ಗೋದಾಮುಗಳ ವಿಳಾಸ ಅವರಿಗೆ ಚೆನ್ನಾಗಿ ಗೊತ್ತಿತ್ತು. ದೀಪಾವಳಿಗೆ ಅಲ್ಲಿಂದಲೇ ಸ್ವೀಟ್ ಬರುತ್ತಿತ್ತು. ಆದರೆ ಪ್ರತಿ ಜೂನ್‌ನಲ್ಲಿ ಪತ್ರಿಕೆಯವರೆದುರು ರೋಡ್ ರೋಲರ್ ಹತ್ತಿಸಲು ಏನಾದರೂ ಬೇಕಲ್ಲ. ಫುಟ್‌ಪಾತಿಗೆ ಬಂದರು.

ಅಧ್ಯಕ್ಷ ಬಿಂದುಮಾಧವ ನಿವೃತ್ತ ಅಧಿಕಾರಿ. ಒಂದು ಬ್ಯಾಗ್ ಎತ್ತಿ ಒಳಗು ಹೊರಗು ಮಾಡಿದರು. ಹೆಸರು ಕಂಡಿತು.

“ನೋಡಿದ್ರಾ? ಬಚ್ಚಿಟ್ಟು ಹೊಲಿದಿದ್ದಾಳೆ.”

“ಬಚ್ಚಿಟ್ಟಿದ್ದಲ್ಲ ಸಾರ್. ಅವ್ರ ಹೆಸ್ರು ನಂಗ್ಯಾಕೆ ಅಂತ ಒಳಕ್ಕೆ ಹಾಕಿವ್ನಿ.”

“ಬಟ್ಟೆಗೆ ಬಿಲ್ ಇದೆಯೇನಮ್ಮ?”

“ಗುಜರಿಗೆ ಯಾರ್ ಸಾರ್ ಬಿಲ್ ಕೊಟ್ಟಾರು? ಕಂಪನಿ ಗೇಟಲ್ಲೇ ಕೇಳ್ನೋಡಿ.”

“ಕಂಪನಿ ಮ್ಯಾನೇಜರು ನಮ್ಮ ಸಮಿತಿ ಸದಸ್ಯರು ಕಣಮ್ಮ. ಅವರನ್ನ ಪ್ರಶ್ನೆ ಮಾಡಕ್ಕಾಗುತ್ತಾ?”

ಬ್ಯಾಗ್‌ಗಳನ್ನು ಜೀಪಿಗೆ ಹೇರಿದರು. ಮನೆಗೂ ಹೋಗಿ ಹೊಲಿಗೆ ಯಂತ್ರ ಎತ್ತಿಕೊಂಡರು. ಅದು ಅಪರಾಧದ ಸಾಧನವಂತೆ.

ಮೂರನೇ ದಿನ ಮೈದಾನದಲ್ಲಿ ಶಾಮಿಯಾನ ಎದ್ದಿತು. ಯಂತ್ರವನ್ನಾದರೂ ಬಿಡಿಸಿಕೊಳ್ಳೋಣವೆಂದು ಪುಟ್ಟಲಿಂಗಮ್ಮ ಹೋದಳು. ಜೊತೆಗೆ ಫುಟ್‌ಪಾತಿನ ಹೆಂಗಸರಿದ್ದರು. ವೇದಿಕೆಯ ಮುಂದೆ ಅವಳ ಬ್ಯಾಗ್‌ಗಳ ಗುಡ್ಡೆ, ಗುಡ್ಡೆಯ ನೆತ್ತಿಯಲ್ಲಿ ಯಂತ್ರ. ಬಿಂದುಮಾಧವರ ಭುಜದಲ್ಲಿ ಅದೇ ಕಂಪನಿಯ ಹೆಸರಿದ್ದ ಹೊಸ ಬ್ಯಾಗ್. ಸರ್ಕಾರದ ದುಡ್ಡಿನಲ್ಲಿ ಕೊಂಡು ಸದಸ್ಯರೆಲ್ಲ ಹಂಚಿಕೊಂಡದ್ದು.

ಅವಳ ಕಣ್ಣು ಅದರ ಭುಜಪಟ್ಟಿಯ ಬುಡದ ಹೊಲಿಗೆಗೆ ಹೋಯಿತು. ಅಲ್ಲಿಂದ ಕದಲಲಿಲ್ಲ.

“ಸಾರ್, ಅದನ್ನ ಒಂದ್ನಿಮಿಷ ಕೊಡಿ.”

ಅವರು ಕೊಡಲಿಲ್ಲ. ಅವಳೇ ತೆಗೆದುಕೊಂಡಳು. ಕಾಗದಗಳನ್ನು ಮೇಜಿನ ಮೇಲೆ ಸುರಿದು, ಅವರು ಮಾಡಿದಂತೆಯೇ ಒಳಗು ಹೊರಗು ಮಾಡಿದಳು. ಅಂಚಿನಲ್ಲಿ ನೂಲು ಜೋತಾಡುತ್ತಿತ್ತು.

“ಹನ್ನೊಂದು ವರ್ಷ ಈ ಒಳಂಚಿಗೆ ನೂಲು ಬಿಚ್ಚದಂಗೆ ಬಟ್ಟೆ ಪಟ್ಟಿ ಕಟ್ಟಿವ್ನಿ. ಪಟ್ಟಿ ಇಲ್ದೆ ಒಂದು ಬ್ಯಾಗೂ ಆಚೆ ಬುಡ್ತಿರ್ಲಿಲ್ಲ ನಮ್ ಕಂಪನಿ. ಇದು ಡೂಪ್ಲಿಕೇಟು ಸಾರ್. ಇದನ್ನೂ ರೋಲರ್‌ಗೆ ಹಾಕಿ.”

ಪತ್ರಿಕೆಯವನೊಬ್ಬ ನಕ್ಕ. ಹೂ ಮಾರುವ ಪುಟ್ಟಮಾದಮ್ಮ ಹಿಂದಿನಿಂದ ಹೇಳಿದಳು: “ಅಧ್ಯಕ್ಷರನ್ನೂ ಒಂದ್ಸಲ ತಿರುವಿ ನೋಡವ್ವ, ಹೊಲಿಗೆ ಎಂಗದೆ ಅಂತ.”

ಹೆಂಗಸರೆಲ್ಲ ನಕ್ಕರು. ಕಂಪನಿ ಮ್ಯಾನೇಜರು ತನ್ನ ಬ್ಯಾಗನ್ನು ಕುರ್ಚಿಯ ಕೆಳಗೆ ತಳ್ಳಿದ.

“ಈ ವಿಷಯವನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸಲಾಗುವುದು,” ಎಂದರು ಬಿಂದುಮಾಧವ. ಬ್ಯಾಗನ್ನು ಸರಿಮಾಡಿ ಮತ್ತೆ ಭುಜಕ್ಕೇರಿಸಿಕೊಂಡರು. ರೋಲರಿನವನಿಗೆ ಕೈ ಬೀಸಿದರು.

ಪುಟ್ಟಲಿಂಗಮ್ಮ ರೋಲರಿನ ಮುಂದೆ ಹೋಗಿ ನಿಂತಳು. ಹೆಂಗಸರೂ ಬಂದು ನಿಂತರು. ಪೊಲೀಸರು ಎಳೆದು ಬದಿಗೆ ಹಾಕಲು ಕಾಲು ಗಂಟೆ ಹಿಡಿಯಿತು. ಸಮಿತಿ ಅದರ ಫೋಟೋ ತೆಗೆಯಲು ಬಿಡಲಿಲ್ಲ.

ರೋಲರ್ ಎರಡು ಸಲ ಹೋಗಿ ಬಂತು.

ಅರವತ್ತನಾಲ್ಕು ಬ್ಯಾಗ್. ಒಂದು ಹೊಲಿಗೆ ಯಂತ್ರ. ನಕಲಿ ಒಂದೂ ಇಲ್ಲ.