ಎರಡು ಸಲ ಓದುವ ಮನುಷ್ಯ

ಅಪ್ಪನ ಕನ್ನಡಕ ಹುಡುಕುತ್ತ ಮಗಳು ಮೇಜಿನ ಖಾನೆಯನ್ನು ಜಗ್ಗಿ ಎಳೆದಳು. ಕನ್ನಡಕವಿಲ್ಲದ ಆ ಮುಖ ಯಾರದೋ ಮುಖದಂತಿತ್ತು. ಹಾಗೆ ಮಸಣಕ್ಕೆ ಕಳಿಸಿಕೊಡಲು ಅವಳಿಗೆ ಮನಸ್ಸಿರಲಿಲ್ಲ. ಕನ್ನಡಕವೇನೋ ಸಿಕ್ಕಿತು. ಅದರ ಕೆಳಗೆ, ತಾನೇ ತಂದುಕೊಟ್ಟಿದ್ದ ಅರ್ಜಿಯೂ ಸಿಕ್ಕಿತು. ಹೆಸರು, ವಿಳಾಸ ಅಪ್ಪ ತುಂಬಿದ್ದರು. 'ಕಾರಣ' ಎಂಬಲ್ಲಿ ಮಾತ್ರ ಖಾಲಿ.

ನಡುಮನೆಯಲ್ಲಿ ಮಲಗಿಸಿದ್ದ ಅಪ್ಪನ ಸುತ್ತ ನೆರೆಯವರು ಮೆಲ್ಲಗೆ ನಗುತ್ತಿದ್ದರು. "ನಮ್ಮ ಎರಡ್ಸಲ ಮಾಮ ಬಸ್ಸಿನ ಬೋರ್ಡನ್ನೂ ಎರಡು ಸಲ ಓದೋರು. ಅಷ್ಟೊತ್ತಿಗೆ ಬಸ್ಸೇ ಹೋಗಿರ್ತಿತ್ತು!"

ನಗದೆ ಕೂತವಳು ಒಬ್ಬಳೇ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಮಾಮನ ಕೈಕೆಳಗೆ ಕೆಲಸ ಕಲಿತು, ಈಗ ಅಲ್ಲಿಯ ಮುಖ್ಯಸ್ಥೆಯಾಗಿದ್ದಳು. ಮಗಳು ಅವಳನ್ನು ಒಳಗೆ ಕರೆದು ಅರ್ಜಿ ತೋರಿಸಿದಳು.

"ನೋಡಿ ಅಕ್ಕ. ಆಸ್ಪತ್ರೆಯೋರು ಅಪ್ಪಂಗೆ ಕೊಟ್ಟಿದ್ರಲ್ಲ, ಅಂಥ ಎಚ್ಚರಿಕೆ ಪತ್ರ ಮರುಪರಿಶೀಲಿಸಿ ಅಂತ ಕೇಳೋ ಹಕ್ಕು ಈ ವರ್ಷ ತಾನೇ ಬಂತು. ಹಳೇವಕ್ಕೂ ಅನ್ವಯಿಸುತ್ತಾ ಅಂತ ಬರೆದು ಕೇಳ್ದೆ. ಅನ್ವಯಿಸುತ್ತಂತೆ, ಮನೆಯವ್ರೂ ಕೊಡಬಹುದಂತೆ. ಇವತ್ತೇ ಕಡೇ ದಿನ. ಅಪ್ಪ ಯಾಕೆ ಕಾರಣ ಬರೀಲಿಲ್ಲ?"

ಆಕೆ ಅರ್ಜಿಯನ್ನು ಕೈಗೆ ತೆಗೆದುಕೊಂಡಳು.

*

ಹತ್ತೊಂಬತ್ತು ವರ್ಷಗಳ ಹಿಂದಿನ ಮಾತು. ಮಾಮನಿಗೆ ಆಗಿನ್ನೂ ಅಡ್ಡಹೆಸರು ಬಿದ್ದಿರಲಿಲ್ಲ. ಔಷಧ ಕೊಡುವ ಕಿಟಕಿಗೆ ಜನ ಮುಗಿಬಿದ್ದಿದ್ದರು. ಆಕೆಗೆ ಅದು ಕೆಲಸದ ಮೊದಲ ವಾರ; ಮಕ್ಕಳ ಸೀಸೆಯ ಬದಲು ದೊಡ್ಡವರ ಸೀಸೆ ತೆಗೆದುಕೊಟ್ಟಳು. ಮಾಮ ಅದರ ಚೀಟಿ ಓದದೆ ಕಿಟಕಿಯಾಚೆ ದಾಟಿಸಿದರು. ಅದನ್ನು ಕುಡಿದ ಮಗು ಎರಡು ದಿನ ಕಣ್ಣು ಬಿಡಲಿಲ್ಲ. ಮೂರನೆಯ ದಿನ ಎದ್ದು ಹಾಲು ಕೇಳಿತು, ಸದ್ಯ.

ಸೀಸೆ ತೆಗೆದವರು ಯಾರು ಎಂದು ವಿಚಾರಣೆಯಲ್ಲಿ ಕೇಳಿದರು.

"ನಾನೇ," ಎಂದರು ಮಾಮ.

ಲಿಖಿತ ಎಚ್ಚರಿಕೆ ಬಂತು, ಬಡ್ತಿ ತಪ್ಪಿತು. ಮರುದಿನದಿಂದ ಪ್ರತಿ ಸೀಸೆಯ ಚೀಟಿಯನ್ನೂ ಗಟ್ಟಿಯಾಗಿ ಎರಡು ಸಲ ಓದತೊಡಗಿದರು.

*

"ಸೀಸೆ ತೆಗೆದಿದ್ದು ನಾನು," ಎಂದಳು ಆಕೆ.

"ಹತ್ತೊಂಬತ್ತು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?" ಮಗಳ ದನಿ ಏರಿತು. ಹೊರಗಿನ ನಗು ನಿಂತಿತು.

"ಹೇಳ್ಬಿಡ್ತೀನಿ ಅಂದಾಗೆಲ್ಲ ಬೈದ್ರು. 'ಕೊನೇಲಿ ನೋಡೋ ಕಣ್ಣು ನಂದು, ನೀನು ತೆಪ್ಪಗೆ ಕೆಲ್ಸ ಮಾಡು' ಅಂತ. ಸುಳ್ಳು ಯಾಕೆ ಹೇಳ್ಲಿ, ತೆಪ್ಪಗಿರೋದೇ ನನಗೂ ಹಾಯಾಗಿತ್ತು."

ಅಪ್ಪ ಕಾರಣ ಬರೆದಿದ್ದರೆ ಆಕೆಯ ಹೆಸರನ್ನೂ ಬರೆಯಬೇಕಿತ್ತು. ಮಗಳಿಗೆ ಅಳು ಬಂತು. ಅಪ್ಪನ ಮೇಲೆ ಸಿಟ್ಟೂ ಬಂತು.

"ಪೆನ್ ಕೊಡಮ್ಮ."

"ನಿಮ್ಮ ಕೆಲ್ಸಕ್ಕೆ ಕುತ್ತು ಬರುತ್ತೆ, ಅಕ್ಕ."

"ಬರ್ಲಿ. ಕೊಡು."

ಖಾಲಿ ಜಾಗದಲ್ಲಿ ನಾಲ್ಕು ಸಾಲು ಬರೆದು, ಆಕೆ ಕೆಳಗೆ ಸಹಿ ಹಾಕಿದಳು. ಮಗಳು ಓದಿದಳು. "ಸರಿಯಾಗಿದೆ," ಎಂದು ಮಡಚಹೋದಳು.

"ಇನ್ನೊಂದ್ ಸಲ," ಎಂದಳು ಆಕೆ. "ಅವರ ಮುಂದೆ."

ಮಗಳು ನಡುಮನೆಗೆ ಬಂದು, ಕನ್ನಡಕ ಒರೆಸಿ ಅಪ್ಪನ ಮುಖಕ್ಕೆ ಇಟ್ಟಳು. ಪಕ್ಕದಲ್ಲಿ ಕೂತು, ಮೊದಲ ಸಾಲಿನಿಂದ, ಎಲ್ಲರಿಗೂ ಕೇಳುವಂತೆ ಮತ್ತೆ ಓದತೊಡಗಿದಳು.